ಬೋನಿಫಾಸ್ ಮಾವನ ದೋಣಿ

ಬಿಳಿಮೀನ ಸರೋವರ, ಉತ್ತರ ಕೆನಡಾ
9 ಸೆಪ್ಟೆಂಬರ್ 1994, ಶುಕ್ರವಾರ

ಪ್ರೀತಿಯ ಅಣ್ಣ ಇಸಿಡೋರ್,

ಹೇಗಿದ್ದೀಯ? ಎಡಗಿವಿ ಸೋರುವುದು ನಿಂತಿತೇ? ಎಡ್ಮಂಟನ್ನಿನ ಡಾಕ್ಟರು ಕೊಟ್ಟ ಹನಿ ಬಿಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ, ಸೋಮಾರಿ ನೀನು. ಇಲ್ಲಿ ಬರ್ಚ್ ಮರದ ಎಲೆಗಳೆಲ್ಲ ಹಳದಿಯಾಗಿವೆ. ಒಣಗಿಸಿದ ಮೂಸ್ ಕಡವೆಯ ಮಾಂಸ ಒಂದು ಚೀಲ ನಿನಗೆಂದೇ ಎತ್ತಿಟ್ಟಿದ್ದೇನೆ.

ಈಚೆಗೆ ಬೆಳಗಿನ ಮಂಜು ನೀರಿನಿಂದೆದ್ದು ನೇರ ನನ್ನ ನಿದ್ದೆಯೊಳಕ್ಕೇ ಬರುತ್ತಿದೆ. ಮಂಜಿನಲ್ಲಿ ದೋಣಿಯೊಂದು ಸದ್ದಿಲ್ಲದೆ ತೇಲುತ್ತದೆ. ಬಲೆಗಳ ಕೆಳಗೆ ನೀನು ಅಡಗಿ ಮಲಗಿದ್ದೀಯ, ಹನ್ನೊಂದು ವರ್ಷದ ಹುಡುಗ. ಕೂಗಬೇಕೆಂದು ಬಾಯಿ ತೆರೆದರೆ ಪೂಜೆಯಲ್ಲಿ ನಾಲಿಗೆಗಿಡುವ ಪರಮಪ್ರಸಾದದ ಬಿಲ್ಲೆ ಅಂಗುಳಿಗೆ ಅಂಟಿಕೊಂಡಿದೆ, ನಾಲಿಗೆ ಏಳುವುದಿಲ್ಲ. ಆಚೆ ದಡದಲ್ಲಿ ಆ ಬಿಳಿ ಕಟ್ಟಡ, ಅದರ ಕಿಟಕಿಗಳೆಲ್ಲ ನೀರಿನಲ್ಲಿ ನಡುಗುತ್ತಿವೆ.

ಅದನ್ನು ಶಾಲೆ ಎಂದು ಕರೆದವರ ಬಾಯಿಗೆ ಮಣ್ಣು ಬೀಳಲಿ. ನಮ್ಮನ್ನು ಅಮ್ಮನ ಮಡಿಲಿಂದ ಕಿತ್ತು, ನಮ್ಮ ದೆನೆ ಭಾಷೆ ಮಾತಾಡಿದರೆ ಸೋಪು ನೆಕ್ಕಿಸಿ, ನಾವು ಅಗೆದ ಆಲೂಗೆಡ್ಡೆ ತಾವು ತಿಂದು, ಸಿಪ್ಪೆಯ ಗಂಜಿ ನಮಗೆ ಹಾಕಿದರು. ಗಂಡುಮಕ್ಕಳ ಕಡೆ ತಿರುಗಿ ನೋಡಿದರೂ ಏಟು. ಆದರೂ ಆಲೂಗೆಡ್ಡೆ ಸಾಲಿನಲ್ಲಿ ನೀನು ಬಗ್ಗಿಕೊಂಡೇ ಪಿಸುಗುಟ್ಟಿದೆಯಲ್ಲ, "ಶನಿವಾರ ಬೋನಿಫಾಸ್ ಮಾವನ ದೋಣೀಲಿ ಹೋಗ್ತೀನಿ. ಬಾಯಿ ಮುಚ್ಕೊಂಡಿರು ಪುಟ್ಟಿ. ಅಮ್ಮನ್ನ ಕರ್ಕೊಂಡು ಬಂದು ನಿನ್ನೂ ಬಿಡಿಸ್ಕೊಂಡು ಹೋಗ್ತೀನಿ" ಅಂತ.

ಹೊಳೆ ಬಾಯಲ್ಲಿ ಶಾಲೆಯ ಪಾದ್ರಿ ಪೊಲೀಸಿನವನ ಜೊತೆ ಕಾದು ನಿಂತಿದ್ದ. ಅವರ ಏಟಿಗೆ ನಿನ್ನ ಕಿವಿ ಅವತ್ತೇ ಹೋಯಿತು. ಮರುದಿನ ಪೂಜೆಯಲ್ಲಿ ಎಲ್ಲರೆದುರು ಅವನು ಬೋನಿಫಾಸ್ ಮಾವನಿಗೆ "ಒಳ್ಳೆಯ ಕ್ರೈಸ್ತ" ಎಂದು ಹೊಗಳಿ ಹೊಗೆಸೊಪ್ಪಿನ ಪೊಟ್ಟಣ ಕೊಟ್ಟ. ಮಾವ ಅದನ್ನು ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಸುಳಿವು ಕೊಟ್ಟವನು ಅವನೇ ಎಂದು ಊರು ನಂಬಿತು. "ನಾನಲ್ಲ ಕಣ್ರೋ, ನಾ ಯಾರಿಗೂ ಹೇಳಿಲ್ಲ" ಎಂದು ಸಾಯುವ ತನಕ ಹೇಳಿದ. ಕೇಳಿದವರಾರು? ಅವನ ಮಣ್ಣಿಗೆ ಹತ್ತು ಜನ ಬರಲಿಲ್ಲ. ಸತ್ತವರಿಗೆ ನಾವು ಬೆಂಕಿಯಲ್ಲಿ ಉಣಿಸುವ ಹಾಗೆ ಅವನ ಹೆಸರಲ್ಲಿ ಒಂದು ತುಂಡು ಮಾಂಸ ಹಾಕಿದವರಿಲ್ಲ. ಇವತ್ತಿಗೂ ಅಂಗಡಿ ಮುಂದೆ ಅವನ ಮೊಮ್ಮಕ್ಕಳನ್ನು ಕಂಡರೆ, "ಇವರ ದೋಣಿ ಹತ್ಬೇಡ್ರಪ್ಪೋ, ಸೀದಾ ಪಾದ್ರಿ ಮನೆಗೇ ಹೋಗ್ತದೆ!" ಎಂದು ಕಿಸಿಯುತ್ತಾರೆ.

ಈಗ ನಮ್ಮ ಊರ ಮಂಡಳಿ ಆ ಶಾಲೆಯ ಚರಿತ್ರೆಯನ್ನು ಪುಸ್ತಕ ಮಾಡುತ್ತಿದೆ. ಮನೆಮನೆಗೆ ಟೇಪ್ ರೆಕಾರ್ಡರ್ ಹಿಡಿದು ಬರುವವಳು ಬೋನಿಫಾಸ್ ಮಾವನ ಮಗಳು ಅದೆಲ್. ಅಪ್ಪನ ಮೇಲೆ ಊರು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡಿದ್ದಾಳೆ. ಯಾಕೆ ತಾಯಿ ಎಂದರೆ, "ಮಾಡಿದ್ರೆ ಬರೀಬೇಕಲ್ಲ ಅಕ್ಕಾ. ನಮ್ಮಪ್ಪ ಅಂತ ಬಿಡಕ್ಕಾಗ್ತದಾ?" ಎಂದಳು. ಗುರುವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಆ ಹಾಳೆ ಹಾಗೇ ಹೋಗಲು ನಾನು ಬಿಡಬಾರದು.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳ ಹಾದಿಯಲ್ಲಿ ಮಂಜು ಕವಿಯದಿರಲಿ.

ನಿನ್ನ ತಂಗಿ,
ಫಿಲೊಮೆನ್

ಮರೆತದ್ದು: ಮರೆತದ್ದಲ್ಲ, ಹೆದರಿದ್ದು. ಟಪಾಲು ವಿಮಾನದ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತೇನೆ. ಹೇಳಿದವಳು ನಾನು ಅಣ್ಣಾ. ನೀನು ಹೊರಡುವ ಮುನ್ನಾದಿನ, ಆ ಶುಕ್ರವಾರ, ಪಾದ್ರಿಯ ಮುಂದೆ ಪಾಪನಿವೇದನೆ ಇತ್ತು. "ಮುಚ್ಚಿಟ್ಟ ಪಾಪಕ್ಕೆ ನಿನ್ನ ಅಮ್ಮ ನರಕದಲ್ಲಿ ಬೇಯುತ್ತಾಳೆ" ಎಂದಿದ್ದ ಪಾದ್ರಿ. ನನಗೆ ಏಳು ವರ್ಷ. ಅವನು ಕೂತ ಗೂಡಿನ ಜಾಲರಿಗೆ ಬಾಯಿಟ್ಟು ಎಲ್ಲ ಹೇಳಿಬಿಟ್ಟೆ. ಅಲ್ಲಿ ಹೇಳಿದ್ದು ದೇವರ ಕಿವಿ ದಾಟುವುದಿಲ್ಲ ಎಂದು ಕಲಿಸಿದವನೂ ಅವನೇ. ತನ್ನ ಆಣೆ ತಾನೇ ಮುರಿದು, ಆ ಕಳಂಕವನ್ನು ಬೋನಿಫಾಸ್ ಮಾವನ ಕೈಗೆ ಹೊಗೆಸೊಪ್ಪಿನ ಜೊತೆ ಕಟ್ಟಿಕೊಟ್ಟ. ನಲವತ್ಮೂರು ವರ್ಷ ನಾನೂ ಸುಮ್ಮನಿದ್ದೆ; ಆ ತಪ್ಪು ಪಾದ್ರಿಯದಲ್ಲ, ನನ್ನದು. ಬುಧವಾರ ಮಾವನ ಗೋರಿಯ ಹತ್ತಿರ ಬೆಂಕಿ ಹಾಕಿ, ಅದೆಲ್‌ಳ ಟೇಪಿನ ಮುಂದೆ ಎಲ್ಲ ಹೇಳುತ್ತೇನೆ. ನೀನು ಬಂದರೂ ಸರಿ, ಇನ್ನು ನನ್ನ ಮುಖ ನೋಡದಿದ್ದರೂ ಸರಿ. ನಿನಗೆಂದು ಎತ್ತಿಟ್ಟ ಮಾಂಸದಲ್ಲಿ ಮೊದಲ ತುಂಡು ಆ ಬೆಂಕಿಗೆ ಹಾಕುತ್ತೇನೆ.