ಎಡಕ್ಕೆ ಎಂದ ದನಿ

ಆಗಸ್ಟ್ 12, 1979. ಭಾನುವಾರ

ಸಂಡೇ ಸ್ಕೂಲ್ ಮುಗಿಸಿ ಬಂದೆ. ನನ್ನ ಕ್ಲಾಸಿನ ಐದೂ ಹುಡುಗಿಯರಿಗೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು! ಬುಧವಾರ ರಜೆ. ಸಿಂಹಗಡದ ಕೋಟೆ ಹತ್ತುವುದು!

ಕುಶಲಳ ತಂದೆ ರಾಮಲಿಂಗಪ್ಪನವರು ಮಾತ್ರ ಅನುಮಾನಿಸಿದರು. "ಮಳಿಗಾಲ ಅದರೀ ಟೀಚರ್. ದಾರಿ ಗೊತ್ತದೇನ್ರಿ?"

"ಎರಡು ಸಲ ಹತ್ತಿದ್ದೀನಿ" ಅಂದೆ. ಹತ್ತಿದ್ದು ಒಂದೇ ಸಲ. ಅದೂ ಬೇಸಿಗೆಯಲ್ಲಿ.

ಆಗಸ್ಟ್ 14. ಮಂಗಳವಾರ

ಚರ್ಚಿನಲ್ಲಿ ಅಡುಗೆ ಮಾಡುವ ಅಂಬಾಬಾಯಿಯೂ ಬರುತ್ತಾರಂತೆ. ಬೆಟಗೇರಿಯವರು, ಅರವತ್ತು ದಾಟಿದೆ. ಹತ್ತುತ್ತಾರೋ ಇಲ್ಲವೋ... ಬೇಡ ಅನ್ನಲು ಬಾಯಿ ಬರಲಿಲ್ಲ.

ಆಗಸ್ಟ್ 16. ಗುರುವಾರ, ಬೆಳಿಗ್ಗೆ 6

ನಿನ್ನೆ ಬರೆಯಲಾಗಲಿಲ್ಲ. ಬದುಕಿದ್ದೇವೆ. ಏಳೂ ಜನ! ಮೊಣಕಾಲು ತರಚಿದೆ, ಆದರೂ ಕುಣಿಯಬೇಕು ಅನಿಸುತ್ತಿದೆ.

ಇಳಿಯುವಾಗ ಮೋಡ ಕವಿಯಿತು. ಕಾಲುದಾರಿ ಹುಲ್ಲಿನಲ್ಲಿ ಮಾಯ. ಒಂದು ಗಂಟೆ ಸುತ್ತಿದೆವು. ಕುಶಲ ಅಳತೊಡಗಿದಳು. ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ಒಳಗಿಂದ ಯಾರೋ ಹೇಳಿದಂತಾಯಿತು — ಎಡಕ್ಕೆ. ಎಷ್ಟು ಸ್ಪಷ್ಟ!

"ದೇವರು ದಾರಿ ತೋರಿಸಿದ. ಬನ್ನಿ, ಎಡಕ್ಕೆ!"

ಅಂಬಾಬಾಯಿ ನನ್ನ ಸೆರಗು ಹಿಡಿದರು. "ನಿಂದ್ರವಾ. ದೇವರ ದನಿನೋ, ನಿನ್ನ ಅವಸರದ ದನಿನೋ?"

"ಪ್ರಾರ್ಥನೆ ಮಾಡಿಯೇ ಹೇಳ್ತಿದ್ದೀನಿ!"

"ಮಾಡೀದಿ, ಖರೇ. ಆತನ ಮಾತೇ ಆಗಿದ್ರ, ಪರೀಕ್ಷಾ ಮಾಡಿದ್ರ ಆತ ಸಿಟ್ಟಾಗಂಗಿಲ್ಲ."

ಕಲ್ಲೊಂದನ್ನು ಎತ್ತಿ ಎಡಕ್ಕೆ ಎಸೆದರು. ಸದ್ದಿಲ್ಲ. ಒಂದು... ಎರಡು... ಮೂರು... ಎಲ್ಲೋ ಆಳದಲ್ಲಿ ಟಕ್ ಅಂತು.

ನಾಲ್ಕು ಹೆಜ್ಜೆ ಇಟ್ಟಿದ್ದರೆ ಕಮರಿ. ನನ್ನ ಜೊತೆ ಮೊದಲು ಬೀಳುತ್ತಿದ್ದವಳು ಕುಶಲ. ನನ್ನ ಕೈ ಹಿಡಿದಿದ್ದಳು.

"ಈಗ ಕೂಡ್ರೂಣು" ಅಂದರು ಅಂಬಾಬಾಯಿ. "ದಾರಿ ತಿಳಿಯೂ ತನಕ ಸುಮ್ಮನ ಕೂಡ್ರೂದೂ ನಂಬಿಗೀನ."

ಕೂತೆವು. ಅವರು ಹಾಡು ಎತ್ತಿದರು, ಹುಡುಗಿಯರು ಗಂಟಲು ಹರಿಯುವಂತೆ ದನಿ ಸೇರಿಸಿದರು. ಮೂರನೇ ಹಾಡಿಗೆ ಮೋಡದೊಳಗಿಂದ ಕೂಗು — "ಥಾಂಬಾ! ತಿಥೇಚ್ ಬಸಾ!" ನಿಲ್ಲಿ, ಅಲ್ಲೇ ಕೂತಿರಿ ಅಂತ, ಮರಾಠಿಯಲ್ಲಿ. ಗಡದ ಮೇಲೆ ಮೊಸರು ಮಾರುವ ಹೆಂಗಸು! ತಲೆಯ ಮೇಲೆ ಖಾಲಿ ಗಡಿಗೆಗಳು. ಹಾಡು ಕೇಳಿ ಹುಡುಕಿಕೊಂಡು ಬಂದಳಂತೆ. ಒಬ್ಬರ ಬಟ್ಟೆ ಒಬ್ಬರು ಹಿಡಿದು ಅವಳ ಹಿಂದೆ ಇಳಿದೆವು. ಕೆಳಗೆ ಬಸ್ಸಿನ ಹಾರ್ನ್ ಕೇಳಿದಾಗ ಹುಚ್ಚರಂತೆ ಕಿರುಚಿದೆವು!

ಆಗಸ್ಟ್ 18. ಶನಿವಾರ

ಟೀಚರ್ ಪ್ರಾರ್ಥಿಸಿದ್ದಕ್ಕೇ ಬದುಕಿದೆವು ಎಂದು ಹುಡುಗಿಯರು ಎಲ್ಲರಿಗೂ ಹೇಳಿದ್ದಾರೆ. ದೇವರು ಕಾಪಾಡಿದ್ದಕ್ಕೆ ನಾಳೆ ಚರ್ಚಿನಲ್ಲಿ ಎಲ್ಲರೆದುರು ಸಾಕ್ಷಿ ಹೇಳಬೇಕಂತೆ, ಪಾಸ್ಟರ್ ಕೇಳಿದರು. ಎಡಗಡೆಯ ವಿಷಯ ಯಾರೂ ಎತ್ತಿಲ್ಲ.

ಅಂಬಾಬಾಯಿಯ ಹತ್ತಿರ ಓಡಿದೆ. "ಏನು ಹೇಳಲಿ?"

"ನನ್ನ ಯಾಕ ಕೇಳ್ತಿ? ಈ ದಾರಿ ನಿನಗ ಕಾಣಾಕತ್ತದ."

ಆಗಸ್ಟ್ 19. ಭಾನುವಾರ, ಮಧ್ಯಾಹ್ನ

ಹೇಳಿಬಿಟ್ಟೆ! ಎಲ್ಲ. ಎರಡು ಸಲ ಎಂದ ಸುಳ್ಳು. ನನ್ನ ಮನಸ್ಸಿನ ಮಾತಿಗೆ ದೇವರ ಹೆಸರಿಟ್ಟಿದ್ದು. ಕುಶಲಳನ್ನು ಎಲ್ಲಿಗೆ ಎಳೆಯುತ್ತಿದ್ದೆ ಎಂಬುದು.

ರಾಮಲಿಂಗಪ್ಪನವರು ಎದ್ದರು. ಮುಖ ಕೆಂಪಾಗಿತ್ತು. ಕುಶಲಳ ಕೈ ಹಿಡಿದು ನಡೆದರು — ಬಾಗಿಲ ಕಡೆಗಲ್ಲ, ನನ್ನ ಕಡೆಗೆ.

"ಸಿಟ್ಟು ಬಂದದರೀ, ಭಾಳ ಬಂದದ. ಆದ್ರ ನನ್ನ ಮಗಳಿಗೆ ಕಲಿಸೂದು ಬಿಡಬ್ಯಾಡ್ರಿ. ನಂದ ತಪ್ಪು ಅಂತ ಹೇಳೂ ಟೀಚರ್ ಇನ್ನೆಲ್ಲಿ ಹುಡುಕ್ಲಿ?"

ಕೆಳಗೆ ಐವರೂ ಕೂಗುತ್ತಿದ್ದಾರೆ, ಅಂಬಾಬಾಯಿಯ ಮನೆಗೆ ಊಟಕ್ಕೆ. ಬಂದೆ ಅಂದರೂ ಕೇಳುತ್ತಿಲ್ಲ, ಮೆಟ್ಟಿಲು ಹತ್ತಿಯೇ ಬಂದುಬಿಟ್ಟರು —