ಕರೆಂಟ್ ಹೋದಾಗ ತೆರೆಯುವ ಸಾಲಿ

ಬನಹಟ್ಟಿ,
10-7-2025, ಗುರುವಾರ

ಅಪ್ಪನಿಗೆ ಅಜಯನ ನಮಸ್ಕಾರ.

ಮೊದಲು ‘ಪ್ರೀತಿಯ ಅಪ್ಪಾ’ ಅಂತಲೇ ಬರೆದಿದ್ದೆ, ಆಮೇಲೆ ಗೀಟು ಹೊಡೆದೆ. ಪ್ರೀತಿ ಇಲ್ಲ ಅಂತಲ್ಲ, ಇವತ್ತು ಸಿಟ್ಟು ಅದಕ್ಕಿಂತ ಮುಂದೆ ಬಂದು ನಿಂತಿದೆ. ನಿನ್ನ ಮೊಣಕಾಲು ಹೇಗಿದೆ? ದಿನವೆಲ್ಲ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವವನು ರಾತ್ರಿಯಾದರೂ ಕಾಲು ಚಾಚಿ ಮಲಗು. ಆಯಿ ಮಗನಿಗೆ ಅಂತ ಕಾಸಿದ ಎಣ್ಣೆ ಕಳಿಸಿದ್ದಾಳೆ, ರೊಟ್ಟಿ ಗಂಟಿನಲ್ಲಿದೆ. “ಹಚ್ಕೋ ಅಂತ ಬರಿ, ಬಾಟ್ಲಿ ಮಾರಿ ನೋಡ್ಕೋತ ಕುಂಡ್ರಬ್ಯಾಡ ಅಂತ ಬರಿ” ಅಂದಳು, ಬರೆದಿದ್ದೇನೆ. ಅವಳ ಕೆಮ್ಮು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ಅವ್ವ ಮಾತ್ರ ಮಂಗಳವಾರದಿಂದ ಸರಿಯಾಗಿ ಉಂಡಿಲ್ಲ. ಯಾಕೆ ಅಂತ ನಿನಗೆ ಗೊತ್ತು. ಫೋನ್ ಮಾಡಿದರೆ “ಡ್ಯೂಟಿ ಮ್ಯಾಲ ಅದೇನಿ, ಇಡಲೇ” ಅಂತ ಕಟ್ ಮಾಡುತ್ತೀ. ಅದಕ್ಕೇ ಕಾಗದ. ನಿಮ್ಮ ಡಿಪೋದ ಡ್ರೈವರ್ ಶಿದ್ರಾಮಪ್ಪ ಕಾಕಾನ ಕೈಯಲ್ಲಿ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಕೊಡುತ್ತೇನೆ. ರೊಟ್ಟಿ ಗಂಟು ಇಲ್ಲಿಯ ತನಕ ನೀನಿರುವ ಬೀಳಗಿ ಮುಟ್ಟದೆ ಉಳಿದಿಲ್ಲ, ಇದೂ ಮುಟ್ಟುತ್ತದೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಓದಲೇಬೇಕು.

ಮಂಗಳವಾರ ನಿನ್ನ ವಾರದ ರಜೆ ಇತ್ತು. ಹೇಳದೆ ಬಂದೆ. ಬಂದವನು ಮನೆಗೆ ಬಂದು ಕೈಕಾಲು ತೊಳೆದು ಒಂದು ಕಪ್ ಚಹಾ ಕುಡಿದಿದ್ದರೂ ಅವ್ವ ನಿನಗೆ ಎಲ್ಲ ಹೇಳುತ್ತಿದ್ದಳು. ನೀನು ಸೀದಾ ತಂಗಿಯ ಸಾಲಿ ನಡೆಯುವ ಮುರಗೆಪ್ಪ ಸಾವ್ಕಾರರ ಮಗ್ಗದ ಶೆಡ್ಡಿಗೆ ಹೋದೆ. ಆಗ ಬೆಳಗಿನ ಹತ್ತು ಗಂಟೆ. ಸಾಲಿ ಅಂದರೆ ಹತ್ತಕ್ಕೆ ತೆರೆದಿರಬೇಕು ಎನ್ನುವುದು ನಿನ್ನ ಲೆಕ್ಕ. ಆದರೆ ಹತ್ತಕ್ಕೆ ಶೆಡ್ಡಿನಲ್ಲಿ ಮಗ್ಗ ಓಡುತ್ತಿದ್ದವು. ನಾನು ಹರಿದ ಎಳೆ ಕಟ್ಟುತ್ತಿದ್ದೆ, ಅವ್ವ ಬಾಗಿಲ ಪಕ್ಕದ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಅವಳ ಪಕ್ಕ ನಮ್ಮ ಸಂಧ್ಯಾ ಖಾಲಿ ಕಂಡಿಕೆ ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ನೀನು ಕಂಡದ್ದು ಇಷ್ಟೇ. ಸಾಲಿ ಅಂತ ಹೇಳಿ ಒಂಬತ್ತು ವರ್ಷದ ಮಗಳನ್ನು ಮಗ್ಗಕ್ಕೆ ಹಚ್ಚಿದ್ದಾರೆ ಅಂತ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟುಬಿಟ್ಟೆ. ರಾಜಶ್ರೀ ಟೀಚರ್ ಓಡಿ ಬಂದರು. ನೀನು ಬೈಯುತ್ತಿದ್ದೆ, ಮಗ್ಗದ ಸಪ್ಪಳದಲ್ಲಿ ನಮಗೆ ಯಾರಿಗೂ ಕೇಳಿಸುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು. ಏನೋ ಆಗಿದೆ ಅಂತ ಸಾವ್ಕಾರರು ಮೇನ್ ಸ್ವಿಚ್ ತೆಗೆದರು. ಎಲ್ಲ ಮಗ್ಗ ಒಮ್ಮೆಲೇ ನಿಂತವು. ನಿನ್ನ ಬಾಯಿ ನಿಲ್ಲಲಿಲ್ಲ. “ಸಾಲಿ ಅಂತ ಸಾಲಿ! ಮಂದಿ ಹುಡುಗರನ್ನ ದುಡಿಸ್ಕೊಂಡು ತಿನ್ನಾಕ ನಾಚಿಕಿ ಬರೂದಿಲ್ಲೇನ್ ನಿಮಗ?” ಆ ಒಂದು ಮಾತು ಇಡೀ ಓಣಿಗೆ ಕೇಳಿಸಿತು. ನೀನು ತಿರುಗಿ ನಡೆದೆ. ನನಗೆ ಮೈಯೆಲ್ಲ ಉರಿಯಿತು, ಈಗಲೂ ಉರಿಯುತ್ತಿದೆ.

ನಮ್ಮ ಸಾಲಿ ಕರೆಂಟ್ ಹೋದಾಗ ತೆರೆಯುತ್ತದೆ. ಅವ್ವ ಇದನ್ನು ನಿನಗೆ ಫೋನಿನಲ್ಲಿ ಹೇಳಿದ್ದಳು, ನೀನು ಚಾಷ್ಟಿ ಅಂತ ನಕ್ಕೆ. ಚಾಷ್ಟಿ ಅಲ್ಲ. ಮಗ್ಗ ಓಡುವಾಗ ಈ ಓಣಿಯಲ್ಲಿ ಅಕ್ಷರ ಹೇಳಿಕೊಡುವುದು ಇರಲಿ, ಅಳುವ ಕೂಸಿನ ದನಿಯೂ ಕೇಳಿಸುವುದಿಲ್ಲ. ಲೈನ್‌ಮನ್ ಪರಮಾನಂದ ಮಾಮಾ ಹಿಂದಿನ ದಿನವೇ ಟೀಚರ್ ಮೊಬೈಲಿಗೆ ಹೇಳಿ ಕಳಿಸುತ್ತಾನೆ, “ನಾಳಿ ಹನ್ನೆರಡರಿಂದ ನಾಲ್ಕರ ತನಕಾ ಲೈಟ್ ಇಲ್ರಿ ಬಾಯಾರ.” ಅಷ್ಟೊತ್ತಿಗೆ ಮಕ್ಕಳು ಉಂಡು, ಮುಖ ತೊಳೆದು ತಯಾರು. ಮಗ್ಗ ನಿಂತ ಕೂಡಲೇ ನಾಲ್ಕೂ ಸಂದಿಯಿಂದ ಓಡಿ ಬರುತ್ತಾರೆ. ಹದಿನೈದು ಮಕ್ಕಳು, ಒಬ್ಬರೇ ಟೀಚರ್. ಶೆಡ್ಡಿನ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿರುತ್ತದೆ. ನಮ್ಮ ಓಣಿಯವರೂ ಸಾವ್ಕಾರರ ಓಣಿಯವರೂ ಅದೇ ಚಾಪೆಯ ಮೇಲೆ ಕೂಡುತ್ತಾರೆ, ಇದು ನಿನಗೆ ಸಣ್ಣ ಮಾತು ಅನಿಸಿದರೆ ಅವಳ ಕಾಲದಲ್ಲಿ ಹಾಗೆ ಕೂಡಲು ಬಿಡುತ್ತಿದ್ದರೇನು ಅಂತ ಆಯಿಯನ್ನು ಕೇಳು. ದೊಡ್ಡವರು ಸಣ್ಣವರಿಗೆ ಓದಿ ಹೇಳುತ್ತಾರೆ, ಟೀಚರ್ ಒಬ್ಬೊಬ್ಬರ ಪಕ್ಕ ಕೂತು ಯಾರಿಗೆ ಎಲ್ಲಿ ಸಿಕ್ಕುಬಿದ್ದಿದೆ ಅಂತ ನೋಡುತ್ತಾರೆ. ನೀನು ಬಂದ ದಿನ ಹನ್ನೆರಡಕ್ಕೆ ಹತ್ತು, ನೂರರ ಲೆಕ್ಕ ಇತ್ತು. ಹತ್ತು ಕಂಡಿಕೆಗೆ ಒಂದು ಕಟ್ಟು, ಹತ್ತು ಕಟ್ಟಿಗೆ ಒಂದು ಬುಟ್ಟಿ. ಅದಕ್ಕೇ ನಿನ್ನ ಮಗಳು ಖಾಲಿ ಕಂಡಿಕೆ ಆರಿಸುತ್ತಿದ್ದಳು. ಅದು ಕೂಲಿಯಲ್ಲ ಅಪ್ಪಾ, ಅವಳ ಅಭ್ಯಾಸ. ಎರಡು ತಾಸು ತಡೆದು ಬಂದಿದ್ದರೆ ಕಣ್ಣಾರೆ ಕಾಣುತ್ತಿದ್ದೆ.

ಸೋಮವಾರದಿಂದ ಮತ್ತೆ ಹಳದಿ ಬಸ್ಸಿನ ಸಾಲಿಗೆ ಕಳಿಸಿರಿ ಅಂತ ಹೇಳಿ ಹೋಗಿದ್ದೀ. ಅಲ್ಲಿ ಎರಡು ವರ್ಷ ಏನಾಯಿತು ಅಂತ ನಿನಗೆ ಅವ್ವ ಹೇಳಿರಲಿಲ್ಲ, ನನಗೂ ಹೇಳಬೇಡ ಅಂದಿದ್ದಳು. ನಾನು ಹೇಳುತ್ತೇನೆ. ಅಲ್ಲಿ ಹೊರಗೆ ಹೋಗಬೇಕಾದರೂ ಇಂಗ್ಲಿಷಿನಲ್ಲಿ ಕೇಳಬೇಕು. ಕೂಸಿಗೆ ಆ ವಾಕ್ಯ ಬರಲಿಲ್ಲ. ಅರವತ್ತು ಮಕ್ಕಳ ಮುಂದೆ ಕೂತಲ್ಲೇ ಒದ್ದೆ ಮಾಡಿಕೊಂಡಳು. ಆಮೇಲೆ ಮುಂಜಾನೆ ನೀರು ಕುಡಿಯುವುದನ್ನೇ ಬಿಟ್ಟಳು. ಬಸ್ ಬರುವ ಹೊತ್ತಿಗೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು, ನಾವು ಜಂತಿನ ಔಷಧ ಕುಡಿಸಿದೆವು. ಎಂಥಾ ಶಾಣೇರು ನಾವು! ರಾಜಶ್ರೀ ಟೀಚರ್ ಆಗ ಅದೇ ಸಾಲಿಯಲ್ಲಿದ್ದರು. ಒದ್ದೆ ಲಂಗ ಬದಲಿಸಿದವರು ಅವರು. ಆ ವರ್ಷವೇ ನೌಕರಿ ಬಿಟ್ಟು ಬಂದು, ಸಾವ್ಕಾರರ ತಮ್ಮನ ಮಗಳಾದ್ದರಿಂದ ಕಾಡಿಬೇಡಿ ಆ ಕೋಣೆ ಇಸಿದುಕೊಂಡು ಸಾಲಿ ಶುರು ಮಾಡಿದರು. ಅವರಿಗೆ ನೀನು ನಾಚಿಕೆ ಇಲ್ಲ ಅಂದೆ.

ನೀನು ಕಂಡಕ್ಟರ್. ನಿನ್ನ ಮಗಳಿಗೆ ಬಸ್ಸಿನ ಬೋರ್ಡ್ ಓದಲು ಬರುತ್ತಿರಲಿಲ್ಲ. ಟೈ ಕಟ್ಟಿಕೊಂಡು ಹೋಗುತ್ತಿದ್ದಳು, ಬೋರ್ಡ್ ಓದಲು ಬರುತ್ತಿರಲಿಲ್ಲ. ಹೋದ ತಿಂಗಳು ನಿನ್ನ ಗಂಟು ಕಾಕಾನ ಕೈಗೆ ಕೊಡಲು ಜಮಖಂಡಿಗೆ ಹೋದಾಗ ಅವಳೂ ಬಂದಿದ್ದಳು. ಒಬ್ಬ ಮುದುಕ ಮಹಾಲಿಂಗಪುರದ ಗಾಡಿ ಹತ್ತುತ್ತಿದ್ದ, ಅವನಿಗೆ ಹೋಗಬೇಕಾದದ್ದು ಬೀಳಗಿಗೆ. ಇವಳು ಅವನ ಧೋತರದ ಚುಂಗು ಹಿಡಿದು ಜಗ್ಗಿದಳು. “ಅಜ್ಜಾ, ಇದಲ್ಲ, ಅಕಾ ಅದು!” ಅವನು ಕಣ್ಣು ತೆಗೆದು, “ನಿನಗೇನ್ ತಿಳಿತೈತೆ ಬೇ, ಬಿಡ ಧೋತರ” ಅಂದ. ಇವಳು ಬಿಡಲಿಲ್ಲ. “ಬೀ… ಳ… ಗಿ, ಅಂತ ಬರದೈತಿ. ನಮ್ಮಪ್ಪನ ಗಾಡಿ ಅದು, ನನಗ ತಿಳೀದs ನಿನಗ ತಿಳಿತೈತೇನ್?” ಸ್ಟ್ಯಾಂಡಿನಲ್ಲಿದ್ದವರೆಲ್ಲ ನಕ್ಕರು. ಮುದುಕನೂ ನಕ್ಕು ಇಳಿದ. ನಾನು ನಗಲಿಲ್ಲ, ಅಳು ಬಂದಂತಾಗಿ ಆಚೆ ತಿರುಗಿದೆ.

“ಸರ್ಟಿಫಿಕೇಟ್ ಯಾರ ಕೊಡತಾರ?” ಅಂತ ನೀನು ಕೇಳುತ್ತೀ. ಕೇಳಬೇಕಾದ ಪ್ರಶ್ನೆಯೇ, ನಾನೂ ಕೇಳಿದ್ದೆ. ವಯಸ್ಸಿಗೆ ತಕ್ಕ ವರ್ಗಕ್ಕೆ ಸರ್ಕಾರಿ ಸಾಲಿಯವರು ಸೇರಿಸಿಕೊಳ್ಳಬೇಕು ಅಂತ ಕಾಯಿದೆ ಇದೆ, ನಾನೇ ಕೈಹಿಡಿದು ಕರಕೊಂಡು ಹೋಗುತ್ತೇನೆ ಅಂತ ಟೀಚರ್ ಹೇಳಿದ್ದಾರೆ. ಬಿಲ್ಡಿಂಗ್ ಇಲ್ಲ, ಖರೆ. ಮಳೆ ಬಂದರೆ ಒಂದು ಮೂಲೆ ಸೋರುತ್ತದೆ, ಅದೂ ಖರೆ. ನನಗೆ ಎರಡು ಅಂತಸ್ತಿನ ಬಿಲ್ಡಿಂಗ್ ಇತ್ತಲ್ಲ, ಏನಾಯಿತು? ಒಂಬತ್ತನೇ ವರ್ಗದಲ್ಲಿ ಮಾಸ್ತರರು ಎಲ್ಲರ ಮುಂದೆ “ನೀ ಕುಂತು ಉಪಯೋಗ ಇಲ್ಲ, ಮಗ್ಗಕ್ಕ ಹೋಗು” ಅಂದರು. ಮನೆಗೆ ಬಂದು ಹೇಳಿದರೆ ನೀನು ಉಣ್ಣುತ್ತಿದ್ದ ತಾಟಿನಿಂದ ತಲೆ ಎತ್ತದೆ, “ಮಾಸ್ತರ್ ಅಂದಾರ ಅಂದ್ರ ಏನರ ಖರೆ ಇದ್ದೀತು” ಅಂದೆ. ಮರುದಿನದಿಂದ ನಾನು ಹೋಗಲಿಲ್ಲ, ನೀನು ಯಾಕೆ ಅಂತ ಕೇಳಲಿಲ್ಲ. ನನ್ನ ಸಲುವಾಗಿ ಒಂದು ದಿನವೂ ಆ ಮಾಸ್ತರರ ಮೇಲೆ ಏರಿಸದ ದನಿಯನ್ನು, ನನ್ನ ತಂಗಿಗೆ ಅಕ್ಷರ ಕಲಿಸಿದವರ ಮೇಲೆ ಏರಿಸಿದೆ. ನನಗೆ ಇದೇ ನುಂಗಲು ಆಗುತ್ತಿಲ್ಲ.

ಈಗ ಆದದ್ದು ಕೇಳು. ನಿನ್ನ ಮಾತು ಕೇಳಿ ಮೂರು ಮನೆಯವರು ಮಕ್ಕಳನ್ನು ಬಿಡಿಸಿದರು. ಮುರಗೆಪ್ಪ ಸಾವ್ಕಾರರಿಗೆ ಹೆದರಿಕೆ ಹೊಕ್ಕಿದೆ. ಸಣ್ಣ ಹುಡುಗರನ್ನು ದುಡಿಸುತ್ತಾರೆ ಅಂತ ಯಾರಾದರೂ ಅರ್ಜಿ ಹಾಕಿದರೆ ಶೆಡ್ಡಿಗೇ ಬೀಗ ಬೀಳುತ್ತದೆ. ನಿನ್ನೆ ಟೀಚರನ್ನು ಕರೆದು ಸೋಮವಾರದೊಳಗೆ ಕೋಣೆ ಖಾಲಿ ಮಾಡು ಅಂದರು. ಟೀಚರ್ ಚಾಪೆ ಸುತ್ತತೊಡಗಿದರು. ಆಯಿ ಬಡಿಗೆ ಊರಿಕೊಂಡು ಸಾವ್ಕಾರರ ಮನೆಗೇ ಹೋದಳು, ನಾನು ಹಿಂದೆ ಹೋದೆ. “ನನ್ನ ಮಗಾ ತಪ್ಪ ತಿಳದ ಒದರ್‍ಯಾನ್ರಿ, ಹುಡುಗರ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?” ಅಂದಳು. ಅವರು “ಕೆಂಪವ್ವಾ, ಓಣ್ಯಾಗ ಅಂದ ಮಾತು ಓಣ್ಯಾಗs ಹಿಂದಕ್ಕ ತಗೋಬೇಕು. ನಿನ್ನ ಮಗಾ ಜ್ಞಾನೇಶ್ವರ ಬಂದು ನಾಕ ಮಂದಿ ಮುಂದ ಹೇಳಲಿ, ಕೋಣಿ ಅಲ್ಲೇ ಇರತೈತಿ” ಅಂದರು. ಇಷ್ಟೇ ಅಪ್ಪಾ. ಯಾರ ಕಾಲೂ ಹಿಡಿಯಬೇಕಾಗಿಲ್ಲ. ಒಂದು ದಿನ ರಜೆ ಹಾಕು. ಶನಿವಾರ ಬಾ. ಬರಲಿಲ್ಲ ಅಂದರೆ ಹಳದಿ ಬಸ್ ಬಂದಾಗ ಸಂಧ್ಯಾಳನ್ನು ಹತ್ತಿಸುವವನು ನಾನಲ್ಲ, ಬಾಗಿಲಿಗೆ ಅಡ್ಡ ಕೂಡುತ್ತೇನೆ. ಹೊಡೆಯುವುದಾದರೆ ಅಲ್ಲೇ ಬಂದು ಹೊಡಿ.

ಅವ್ವ “ಕಾಲ ಹೆಂಗೈತಿ ಕೇಳು” ಅಂದಳು, ಮೇಲೆ ಕೇಳಿದ್ದೇನೆ. ಆಯಿಯ ಆಶೀರ್ವಾದ ಇದೆ, ಬೈಗುಳವೂ ಇದೆ, ಎರಡೂ ತಗೋ. ಶಿದ್ರಾಮಪ್ಪ ಕಾಕಾನಿಗೆ ಎರಡು ರೊಟ್ಟಿ ಕೊಡು.

ನಿನ್ನ ಮಗ,
ಅಜಯ

ತಾ.ಕ. ಗಂಟು ಕಟ್ಟಿಯಾಗಿದೆ, ಬಿಚ್ಚಿ ಬರೆಯುತ್ತಿದ್ದೇನೆ. ಈಗಷ್ಟೇ ಬಾಗಿಲಲ್ಲಿ ಪಕ್ಕದ ಮನೆಯ ರಾಹುಲ, “ನಿಮ್ಮಪ್ಪ ಟೀಚರ್‌ಗ ಬೈದಾನ, ನಿನ್ನ ಸಲುವಾಗಿ ಸಾಲಿ ಮುಚ್ಚತೈತಿ ನೋಡಲೇ” ಅಂತ ಸಂಧ್ಯಾಳನ್ನು ಕಾಡಿದ. ಅವಳು ಅಳಲಿಲ್ಲ. “ನಮ್ಮಪ್ಪ ಬೈದಿಲ್ಲ. ಮಗ್ಗದ ಸಪ್ಪಳ ಇತ್ತು, ಅದಕ್ಕ ಒದರಿ ಮಾತಾಡಿದ. ಸಾಲಿ ಯಾವಾಗ ಇರತೈತಿ ಅಂತ ಕೇಳಾಕ ಬಂದಿದ್ದ. ಶನಿವಾರ ಮತ್ತ ಬರತಾನ, ನೀನs ಕೇಳು” ಅಂದಳು. ನಾನು ಹೇಳಿಕೊಟ್ಟಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಮಗ್ಗ ನಿಂತ ಮೇಲೆ ನೀನು ಅಂದದ್ದು ಅವಳಿಗೆ ಎಲ್ಲ ಕೇಳಿಸಿತ್ತು, ಅವಳು ನಿನ್ನಿಂದ ನಾಲ್ಕು ಮೊಳ ದೂರದಲ್ಲಿದ್ದಳು. ಪರಮಾನಂದ ಮಾಮಾ ಈ ಸಲ ಮೊದಲೇ ಹೇಳಿದ್ದಾನೆ, ಶನಿವಾರ ಹನ್ನೆರಡಕ್ಕೆ ಕರೆಂಟ್ ಹೋಗುತ್ತದೆ. ಅದಕ್ಕಿಂತ ಮುಂಚೆ ಬರಬೇಡ.