ಮೊಸರು ಸಕ್ಕರೆಗೆ ಹೆದರಿ ಹೊರಟೆ

ಅತ್ತೆ,

ಎಬ್ಬಿಸದೆ ಹೊರಟೆ ಅಂತ ಕೋಪ ಮಾಡಿಕೊಳ್ಳಬೇಡಿ. ನೀವು ಎದ್ದಿದ್ದರೆ ಬಾಗಿಲಲ್ಲೇ ನಿಲ್ಲಿಸಿ, ಬಾಯಿಗೆ ಮೊಸರು ಸಕ್ಕರೆ ಇಟ್ಟೇ ಕಳಿಸುತ್ತಿದ್ದಿರಿ. ಇವತ್ತು ನಾನು ನೀರೂ ಮುಟ್ಟುವ ಹಾಗಿಲ್ಲ. ಹೊಟ್ಟೆ ಖಾಲಿಯಿದ್ದರೆ ಮಾತ್ರ ನಿದ್ದೆ ಬರಿಸುತ್ತಾರಂತೆ.

ಹೌದು, ಈ ಸಲ ನಿದ್ದೆ! ಗರ್ಭಕೋಶದ ಆ ಚಿಕ್ಕ ಗಡ್ಡೆ ತೆಗೆಯುವಾಗ ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಕಾ, ಇಲ್ಲ ಕೈನರಕ್ಕೆ ಔಷಧಿ ಕೊಟ್ಟು ಮಲಗಿಸಲಾ ಅಂತ ಹೊಸ ಡಾಕ್ಟರ್ ನನ್ನನ್ನೇ ಕೇಳಿದರು. ಕೇಳಿದರಲ್ಲ, ಅದೇ ನನಗೆ ಹಬ್ಬ. ಹೋದ ಸಲ ಒಳಗೆ ಕ್ಯಾಮೆರಾ ಹಾಕಿ ನೋಡಿದ ಡಾಕ್ಟರ್ ನೋವಿಗೆ ಏನೂ ಕೊಡದೆ "ಸ್ವಲ್ಪ ತಡ್ಕೊಳಮ್ಮ" ಅಂದಿದ್ದು ನೀವೂ ಕೇಳಿದ್ದೀರಿ.

ಒಲೆ ಮೇಲೆ ಸಾರಿದೆ, ಬಿಸಿ ಮಾಡಿಕೊಳ್ಳಿ. ಬಾಪೂಜಿ ನಗರದ ನಿಮ್ಮ ತಂಗಿಗೆ ದಯವಿಟ್ಟು ಫೋನ್ ಮಾಡಬೇಡಿ, ನನ್ನ ಗರ್ಭಕೋಶದ ಸುದ್ದಿ ಅವರ ಬೀದಿಗೆಲ್ಲ ಬೇಡ. ಮೊಸರು ಸಕ್ಕರೆ ಮುಚ್ಚಿಡಿ, ಬಂದು ಇಡೀ ಬಟ್ಟಲು ಖಾಲಿ ಮಾಡುತ್ತೇನೆ.

ನಿಮ್ಮ ಮಗ ನನ್ನನ್ನು ಆಸ್ಪತ್ರೆಗೆ ಸೇರಿಸಿ, ಆಮೇಲೆ ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತಾರೆ. ನಾನು ಕಣ್ಣು ಬಿಟ್ಟಾಗ ನೀವು ಎದುರಿಗಿರಬೇಕು. ಹೋದ ಸಲ ನಾನು ಹಿಡಿದ ಹಿಡಿತಕ್ಕೆ ನಿಮ್ಮ ಹಸಿರು ಬಳೆಗಳೆಲ್ಲ ಪುಡಿಯಾದಾಗಲೂ, "ಬಳೆ ಹೋದ್ರೆ ಹೋಗ್ಲಿ, ನನ್ ಕೈ ಬಿಡ್ಬೇಡ ಕಣೇ" ಅಂದಿದ್ದಿರಿ.

ದೇವರ ಮನೆಯಲ್ಲಿ ಹೊಸ ಹಸಿರು ಬಳೆ ಇಟ್ಟಿದ್ದೇನೆ. ಎರಡು ಕೈಗೂ ತುಂಬ ಹಾಕಿಕೊಂಡೇ ಬನ್ನಿ.

ಈ ಸಲ ಒಂದೂ ಒಡೆಯುವುದಿಲ್ಲ.

ಶಶಿಕಲಾ